ಕ್ಯಾಮ್‌ಶಾಫ್ಟಿಗೆ ತಕ್ಕ ವಾಲ್ವ್ ಸ್ಪ್ರಿಂಗ್

ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ವಾಲ್ವನ್ನು ತೆರೆಯುವುದು ಕ್ಯಾಮ್, ಮುಚ್ಚುವುದು ಸ್ಪ್ರಿಂಗ್. ಪುಷ್‌ರಾಡ್ ಇರುವ ಎಂಜಿನ್ನುಗಳಲ್ಲಿ ಕ್ಯಾಮಿನ ಉಬ್ಬು ಟ್ಯಾಪೆಟ್ಟನ್ನು ಮೇಲೆತ್ತುತ್ತದೆ, ಟ್ಯಾಪೆಟ್ ಪುಷ್‌ರಾಡನ್ನು ನೂಕುತ್ತದೆ, ರಾಕರ್ ಮಗುಚಿ ವಾಲ್ವನ್ನು ಒಳಕ್ಕೆ ಒತ್ತುತ್ತದೆ. ಕ್ಯಾಮಿನ ಕೈ ಅಲ್ಲಿಗೆ ಮುಗಿಯಿತು. ಅದು ತಳ್ಳಬಲ್ಲದೇ ಹೊರತು ಎಳೆಯಲಾರದು. ವಾಲ್ವನ್ನು ಹಿಂದಕ್ಕೆ ತಂದು ಸೀಟಿನ ಮೇಲೆ ಕೂರಿಸುವ, ಅಲ್ಲಿಯವರೆಗೆ ಇಡೀ ಸರಪಳಿ ಕ್ಯಾಮಿನ ಮೈಗೆ ಅಂಟಿಕೊಂಡಿರುವಂತೆ ನೋಡಿಕೊಳ್ಳುವ ಕೆಲಸವೆಲ್ಲ ಸಿಲಿಂಡರ್ ಹೆಡ್ಡಿನಲ್ಲಿ ಕುಳಿತ ಸುರುಳಿ ತಂತಿಯದು. ಕ್ಯಾಮ್‌ಶಾಫ್ಟ್ ಕ್ರ್ಯಾಂಕ್‌ಶಾಫ್ಟಿನ ಅರ್ಧ ವೇಗದಲ್ಲಿ ತಿರುಗುತ್ತದೆ. ಎಂದರೆ 6000 ಆರ್‌ಪಿಎಂನಲ್ಲಿ ಪ್ರತಿ ವಾಲ್ವೂ ಸೆಕೆಂಡಿಗೆ 50 ಸಲ ತೆರೆದು ಮುಚ್ಚುತ್ತದೆ. ಅದೇ ವೇಗದಲ್ಲಿ ಒಂದು ಗಂಟೆ ಓಡಿದರೆ ಒಂದೊಂದು ಸ್ಪ್ರಿಂಗೂ 1,80,000 ಸಲ ಕುಗ್ಗಿ ಹಿಗ್ಗಿರುತ್ತದೆ.

ಎಂಜಿನ್ನಿಗೆ ಹೆಚ್ಚಿನ ಶಕ್ತಿ ಬೇಕೆನ್ನುವವರು ಮೊದಲು ಕೈ ಹಾಕುವುದು ಕ್ಯಾಮಿಗೆ. ವಾಲ್ವ್ ಇನ್ನಷ್ಟು ಮೇಲೇಳಬೇಕು, ಇನ್ನಷ್ಟು ಹೊತ್ತು ತೆರೆದಿರಬೇಕು, ಬೇಗ ತೆರೆದು ಬೇಗ ಮುಚ್ಚಬೇಕು. ಈ ಬದಲಾವಣೆಗಳ ಹೊರೆ ಸ್ಪ್ರಿಂಗಿನ ಮೇಲೆಯೇ ಬೀಳುತ್ತದೆ. ಆದರೂ ಸ್ಪ್ರಿಂಗನ್ನು ಉಳಿದ ದುಡ್ಡಿನಲ್ಲಿ ಕೊನೆಗೆ ಕೊಳ್ಳುವ ರೂಢಿ ಎಲ್ಲೆಲ್ಲೂ ಇದೆ. ಇನ್ನೊಂದು ತಪ್ಪು ಇದಕ್ಕೆ ವಿರುದ್ಧ ದಿಕ್ಕಿನದು: ಸಿಕ್ಕಿದ್ದರಲ್ಲಿ ಅತಿ ಗಟ್ಟಿಯಾದ ಸ್ಪ್ರಿಂಗ್ ಹಾಕಿಬಿಟ್ಟರೆ ಸುರಕ್ಷಿತ ಎಂಬ ನಂಬಿಕೆ. ಎರಡೂ ಎಂಜಿನ್ನನ್ನು ಕೊಲ್ಲುತ್ತವೆ. ಸರಿಯಾದ ಸ್ಪ್ರಿಂಗ್ ಎಂದರೆ ಗಟ್ಟಿ ಸ್ಪ್ರಿಂಗ್ ಅಲ್ಲ. ಆ ಕ್ಯಾಮಿಗೆ, ಆ ವೇಗಕ್ಕೆ, ಆ ತೂಕಕ್ಕೆ ಸಾಕಾಗುವಷ್ಟೇ ಬಲವಿರುವ ಸ್ಪ್ರಿಂಗ್.

ಈ ವಿಷಯವನ್ನು ವಿವರಿಸಲು ಅಮೆರಿಕದ ಷೆವ್ರೊಲೆ ಸ್ಮಾಲ್ ಬ್ಲಾಕ್ ವಿ8 ಎಂಜಿನ್ನಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. 1955ರಲ್ಲಿ 265 ಘನ ಇಂಚಿನ ಎಂಜಿನ್ನಾಗಿ ಹೊರಬಂದ ಇದನ್ನು ಬಿಚ್ಚಿ, ಕ್ಯಾಮ್ ಬದಲಿಸಿ, ಮತ್ತೆ ಕಟ್ಟಿದಷ್ಟು ಜನ ಬೇರೆ ಯಾವ ಎಂಜಿನ್ನಿಗೂ ಇದ್ದಿರಲಾರರು. 1957ರ ಕಾರ್ವೆಟ್ ಕಾರಿನಲ್ಲಿ ಇದರ 283 ಘನ ಇಂಚಿನ ರೂಪ ಫ್ಯೂಯಲ್ ಇಂಜೆಕ್ಷನ್ನಿನೊಂದಿಗೆ 6200 ಆರ್‌ಪಿಎಂನಲ್ಲಿ 283 ಅಶ್ವಶಕ್ತಿ ಕೊಟ್ಟಿತು. ಅದರ ಕ್ಯಾಮಿನ ಹಿಂದೆ ಇದ್ದವರು ಎಂಜಿನಿಯರ್ ಜೋರಾ ಆರ್ಕಸ್ ಡಂಟಾವ್. ಆ ಹೆಸರಿನ ಕ್ಯಾಮ್ ಇಂದಿಗೂ ಚಾಲ್ತಿಯಲ್ಲಿದೆ.

ಬಲ ಬೇಕಾಗುವುದು ಎಲ್ಲಿ

ಕ್ಯಾಮ್ ವಾಲ್ವನ್ನು ಎತ್ತಲು ಶುರುಮಾಡುವ ಹೊತ್ತಿಗೆ ಸ್ಪ್ರಿಂಗಿಗೆ ಹೆಚ್ಚು ಕೆಲಸವಿರುತ್ತದೆ ಎಂದು ಅನೇಕರು ತಿಳಿಯುತ್ತಾರೆ. ನಿಜ ಬೇರೆ. ಏರಿನ ಮೊದಲ ಭಾಗದಲ್ಲಿ ಕ್ಯಾಮೇ ಟ್ಯಾಪೆಟ್ಟನ್ನು ನೂಕುತ್ತಿರುತ್ತದೆ, ಆದ್ದರಿಂದ ಎರಡೂ ತಾವಾಗಿ ಒತ್ತಿಕೊಂಡೇ ಇರುತ್ತವೆ. ಕಷ್ಟ ಬರುವುದು ಉಬ್ಬಿನ ನೆತ್ತಿ ಹತ್ತಿರವಾದಾಗ. ವೇಗ ಪಡೆದ ವಾಲ್ವ್, ಸ್ಪ್ರಿಂಗನ್ನು ವಾಲ್ವಿಗೆ ಹಿಡಿದಿಡುವ ರಿಟೇನರ್, ಪುಷ್‌ರಾಡ್, ಟ್ಯಾಪೆಟ್ ಎಲ್ಲವೂ ಈಗ ವೇಗ ಕಳೆದು ನಿಂತು ಹಿಂದಕ್ಕೆ ತಿರುಗಬೇಕು. ಎಸೆದ ಚೆಂಡಿನಂತೆ ಅವು ಬಂದ ದಾರಿಯಲ್ಲೇ ಮುಂದಕ್ಕೆ ಹಾರಲು ನೋಡುತ್ತವೆ. ಅವನ್ನು ತಡೆದು ನೆತ್ತಿಯ ಬಾಗಿಗೆ ತಕ್ಕಂತೆ ಹಿಂದಕ್ಕೆಳೆಯುವುದು ಸ್ಪ್ರಿಂಗ್ ಒಂದೇ. ಚಲಿಸುವ ತೂಕವನ್ನು ಆ ಕ್ಷಣದ ವೇಗಕುಸಿತದಿಂದ ಗುಣಿಸಿದರೆ ಬರುವಷ್ಟು ಬಲ ಸ್ಪ್ರಿಂಗಿನಲ್ಲಿ ಇರಲೇಬೇಕು. ಅದಕ್ಕಿಂತ ಕಡಿಮೆಯಾದರೆ ಟ್ಯಾಪೆಟ್ ಕ್ಯಾಮನ್ನು ಬಿಟ್ಟು ಗಾಳಿಯಲ್ಲಿ ತೇಲುತ್ತದೆ. ಇದನ್ನೇ ವಾಲ್ವ್ ಫ್ಲೋಟ್ ಎನ್ನುವುದು.

ಈ ಬೇಡಿಕೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. 6000 ಆರ್‌ಪಿಎಂನಿಂದ 6600ಕ್ಕೆ ಹೋದರೆ ವೇಗ ಶೇ. 10 ಹೆಚ್ಚುತ್ತದೆ, ಬೇಕಾದ ಬಲ ಶೇ. 21 ಹೆಚ್ಚುತ್ತದೆ. 7000ಕ್ಕೆ ಹೋದರೆ ಶೇ. 36. ಆದ್ದರಿಂದ ಎಂಜಿನ್ನನ್ನು ಯಾವ ವೇಗದವರೆಗೆ ಓಡಿಸುತ್ತೇವೆ ಎಂಬುದನ್ನು ಪ್ರಾಮಾಣಿಕವಾಗಿ ನಿಶ್ಚಯಿಸದೆ ಸ್ಪ್ರಿಂಗ್ ಆರಿಸಲು ಆಗದು.

ತೂಕದ ಲೆಕ್ಕದಲ್ಲೂ ಒಂದು ಸೂಕ್ಷ್ಮವಿದೆ. ಸ್ಮಾಲ್ ಬ್ಲಾಕಿನ ರಾಕರ್ ಅನುಪಾತ 1.5. ಟ್ಯಾಪೆಟ್ ಒಂದು ಇಂಚು ಚಲಿಸಿದರೆ ವಾಲ್ವ್ ಒಂದೂವರೆ ಇಂಚು ಚಲಿಸುತ್ತದೆ. ಹೀಗಾಗಿ ಟ್ಯಾಪೆಟ್ ಬದಿಯ ತೂಕ ವಾಲ್ವಿನ ಬದಿಗೆ ಬಂದಾಗ ಅನುಪಾತದ ವರ್ಗದಿಂದ, ಅಂದರೆ 2.25ರಿಂದ ಭಾಗವಾಗುತ್ತದೆ. ಟ್ಯಾಪೆಟ್ಟಿನ 100 ಗ್ರಾಂ ವಾಲ್ವಿನ ಬಳಿ 44 ಗ್ರಾಂನಷ್ಟೇ ಭಾರ. ವಾಲ್ವಿನ ತುದಿಯಲ್ಲಿರುವ ರಿಟೇನರಿನ ಒಂದೊಂದು ಗ್ರಾಂ ಮಾತ್ರ ಪೂರ್ತಿಯಾಗಿ ಲೆಕ್ಕಕ್ಕೆ ಬರುತ್ತದೆ. ಟೈಟಾನಿಯಂ ರಿಟೇನರಿಗೆ ಜನ ಹಣ ಸುರಿಯುವುದು ಇದಕ್ಕೇ. ಆ ಲೋಹದ ಸಾಂದ್ರತೆ ಉಕ್ಕಿನ ಶೇ. 57ರಷ್ಟು ಮಾತ್ರ. ಸ್ಪ್ರಿಂಗ್ ತನ್ನದೇ ತೂಕವನ್ನೂ ಹೊತ್ತು ಓಡಬೇಕು: ಒಂದು ತುದಿ ನಿಂತೇ ಇರುವುದರಿಂದ ಅದರ ತೂಕದ ಸುಮಾರು ಮೂರನೇ ಒಂದು ಭಾಗವನ್ನು ಚಲಿಸುವ ತೂಕಕ್ಕೆ ಸೇರಿಸುತ್ತಾರೆ. ಕಣ್ಣುಮುಚ್ಚಿ ದಪ್ಪ ಸ್ಪ್ರಿಂಗ್ ಹಾಕಿದವರು ಅದು ತಡೆಯಬೇಕಾದ ಹೊರೆಯನ್ನೂ ಜೊತೆಗೇ ತಂದಿರುತ್ತಾರೆ.

ಲಿಫ್ಟ್, ಎಂದರೆ ವಾಲ್ವ್ ಏಳುವ ಎತ್ತರ, ಒಂದೇ ಆಗಿರುವ ಎರಡು ಕ್ಯಾಮ್‌ಗಳಿಗೆ ಒಂದೇ ಸ್ಪ್ರಿಂಗ್ ಸಾಕೆಂದು ಹೇಳಲಾಗದು. ಅದೇ ಎತ್ತರಕ್ಕೆ ಕಡಿಮೆ ಡಿಗ್ರಿಗಳಲ್ಲಿ ಏರಿ ಇಳಿಯುವ ಕ್ಯಾಮಿನ ನೆತ್ತಿ ಚೂಪಾಗಿರುತ್ತದೆ. ಅದು ಹೆಚ್ಚು ಬಲ ಕೇಳುತ್ತದೆ. ಕ್ಯಾಮಿನ ಪ್ರೊಫೈಲ್ ಪೂರ್ತಿಯಾಗಿ ಗೊತ್ತಿರುವುದು ಅದನ್ನು ಅರೆದು ಮಾಡಿದವರಿಗೆ. ಅವರು ಕ್ಯಾಮಿನ ಜೊತೆ ಕೊಡುವ ಕಾರ್ಡಿನಲ್ಲಿ ಯಾವ ಸ್ಪ್ರಿಂಗ್ ಹಾಕಬೇಕೆಂದು ಬರೆದಿದ್ದರೆ ಅದು ವ್ಯಾಪಾರದ ಮಾತೆಂದು ತಳ್ಳಿಹಾಕುವಂಥದ್ದಲ್ಲ.

ನಾಲ್ಕು ಅಳತೆಗಳು

ಸ್ಪ್ರಿಂಗ್ ಆಯ್ಕೆ ಕೊನೆಗೆ ನಿಲ್ಲುವುದು ನಾಲ್ಕು ಅಂಕಿಗಳ ಮೇಲೆ. ವಾಲ್ವ್ ಮುಚ್ಚಿದಾಗ ಸ್ಪ್ರಿಂಗ್ ಇರುವ ಎತ್ತರ, ಆಗ ಅದು ಒತ್ತುವ ಬಲ, ಪ್ರತಿ ಇಂಚು ಕುಗ್ಗಿಸಲು ಬೇಕಾಗುವ ಹೆಚ್ಚುವರಿ ಬಲ, ಸುರುಳಿಗಳೆಲ್ಲ ಒಂದಕ್ಕೊಂದು ತಾಗಿ ಗಟ್ಟಿಯಾಗುವ ಎತ್ತರ. ಮೊದಲನೆಯದನ್ನು ಇನ್‌ಸ್ಟಾಲ್ಡ್ ಹೈಟ್, ಎರಡನೆಯದನ್ನು ಸೀಟ್ ಪ್ರೆಷರ್, ಮೂರನೆಯದನ್ನು ರೇಟ್, ನಾಲ್ಕನೆಯದನ್ನು ಕಾಯಿಲ್ ಬೈಂಡ್ ಎಂದು ಕ್ಯಾಟಲಾಗುಗಳಲ್ಲಿ ಕಾಣಬಹುದು.

ಕಾರ್ಖಾನೆಯಿಂದ ಬಂದ 350 ಘನ ಇಂಚಿನ ಸ್ಮಾಲ್ ಬ್ಲಾಕಿನಲ್ಲಿ 1.70 ಇಂಚು ಎತ್ತರದಲ್ಲಿ ಸುಮಾರು 80 ಪೌಂಡ್, 1.25 ಇಂಚಿನಲ್ಲಿ ಸುಮಾರು 200 ಪೌಂಡ್ ಒತ್ತುವ ಸ್ಪ್ರಿಂಗ್ ಇರುತ್ತಿತ್ತು. ಎಂದರೆ ರೇಟ್ ಇಂಚಿಗೆ 267 ಪೌಂಡ್. ಮನೆಯ ಕಾರಿನ ಮೃದುವಾದ ಕ್ಯಾಮಿಗೆ ಅದು ಸಾಕು.

ಈಗ ಚುರುಕಾದ ಕ್ಯಾಮಿಗೆ ಬೇರೊಂದು ಸ್ಪ್ರಿಂಗ್ ನೋಡೋಣ: 1.75 ಇಂಚಿನಲ್ಲಿ 120 ಪೌಂಡ್, ರೇಟ್ 350 ಪೌಂಡ್, 1.150 ಇಂಚಿನಲ್ಲಿ ಕಾಯಿಲ್ ಬೈಂಡ್. ವಾಲ್ವ್ 0.500 ಇಂಚು ಎದ್ದರೆ ತೆರೆದಾಗಿನ ಬಲ 120ಕ್ಕೆ 175 ಕೂಡಿ 295 ಪೌಂಡ್, ನಮ್ಮ ಲೆಕ್ಕದಲ್ಲಿ 134 ಕಿಲೋ. ಆಗ ಸ್ಪ್ರಿಂಗಿನ ಎತ್ತರ 1.250 ಇಂಚು. ಗಟ್ಟಿಯಾಗಲು ಇನ್ನೂ 0.100 ಇಂಚು ಬಾಕಿ. ಇದು ನೆಮ್ಮದಿಯ ಅಂತರ. ಅದೇ ಸ್ಪ್ರಿಂಗಿನ ಮೇಲೆ 0.560 ಇಂಚು ಲಿಫ್ಟಿನ ಕ್ಯಾಮ್ ತಂದರೆ ತೆರೆದಾಗಿನ ಎತ್ತರ 1.190ಕ್ಕೆ ಇಳಿದು ಉಳಿಯುವುದು 0.040. ಸಾಮಾನ್ಯವಾಗಿ ಇಟ್ಟುಕೊಳ್ಳುವ ಅಂತರ 0.060 ಇಂಚು, ಅಂದರೆ ಒಂದೂವರೆ ಮಿಲಿಮೀಟರ್. ಬಲ 316 ಪೌಂಡಿಗೆ ಏರಿ ಸಾಲುವಂತೆ ಕಂಡರೂ ಈ ಸ್ಪ್ರಿಂಗ್ ಆ ಕ್ಯಾಮಿಗೆ ಆಗದು. ಸುರುಳಿಗಳು ತಾಗಿದ ಮೇಲೂ ಕ್ಯಾಮ್ ತಳ್ಳುತ್ತಲೇ ಇರುತ್ತದೆ. ಆಗ ಬಾಗುವುದು ಪುಷ್‌ರಾಡ್, ಸವೆಯುವುದು ಕ್ಯಾಮ್, ಕಿತ್ತುಬರುವುದು ರಾಕರ್ ಸ್ಟಡ್.

ಕ್ಯಾಮ್ ಬದಲಿಸದೆ ರಾಕರ್ ಮಾತ್ರ ಬದಲಿಸಿದವರು ಈ ಲೆಕ್ಕವನ್ನು ಮರೆಯುವುದುಂಟು. ಕ್ಯಾಮಿನ ಉಬ್ಬು 0.333 ಇಂಚು ಇದ್ದರೆ 1.5 ಅನುಪಾತದ ರಾಕರಿನಲ್ಲಿ ವಾಲ್ವ್ 0.500 ಇಂಚು ಏಳುತ್ತದೆ, 1.6ರಲ್ಲಿ 0.533. ಮೂವತ್ತಮೂರು ಥೌ (ಇಂಚಿನ ಸಾವಿರದ ಒಂದು ಭಾಗ ಒಂದು ಥೌ) ಹೆಚ್ಚಿನ ಲಿಫ್ಟ್ ಸದ್ದಿಲ್ಲದೆ ಬಂದು ಸೇರಿರುತ್ತದೆ.

ಕಾಯಿಲ್ ಬೈಂಡ್ ಜೊತೆಗೆ ಇನ್ನೊಂದು ಅಂತರವನ್ನೂ ನೋಡಬೇಕು. ವಾಲ್ವ್ ಪೂರ್ತಿ ತೆರೆದಾಗ ರಿಟೇನರಿನ ಕೆಳಭಾಗ ವಾಲ್ವ್ ಗೈಡಿಗಾಗಲಿ ಅದರ ಮೇಲಿನ ಆಯಿಲ್ ಸೀಲಿಗಾಗಲಿ ಬಡಿಯಬಾರದು. ಸ್ಮಾಲ್ ಬ್ಲಾಕಿಗೆ 1996ರಲ್ಲಿ ಬಂದ ವೋರ್ಟೆಕ್ ಹೆಡ್‌ಗಳು ಗಾಳಿಯ ಹರಿವಿನಲ್ಲಿ ಹಳೆಯ ಹೆಡ್‌ಗಳನ್ನು ಮೀರಿಸಿದವು, ಆದರೆ ಗೈಡಿನ ಎತ್ತರದಿಂದಾಗಿ ಸುಮಾರು 0.470 ಇಂಚಿಗಿಂತ ಹೆಚ್ಚು ಲಿಫ್ಟನ್ನು ಹಾಗೆಯೇ ತಾಳುವುದಿಲ್ಲ. ಒಳ್ಳೆಯ ಸ್ಪ್ರಿಂಗ್ ತಂದು ಹಾಕಿದರೂ ಗೈಡನ್ನು ಕೆತ್ತಿ ತಗ್ಗಿಸದಿದ್ದರೆ ಫಲವಿಲ್ಲ.

ಎಷ್ಟು ಬಲ, ಯಾವ ಟ್ಯಾಪೆಟ್ಟಿಗೆ

ಚಪ್ಪಟೆ ತಳದ ಹೈಡ್ರಾಲಿಕ್ ಟ್ಯಾಪೆಟ್ ಕ್ಯಾಮಿನ ಮೇಲೆ ಉಜ್ಜಿಕೊಂಡು ಜಾರುತ್ತದೆ. ಎರಡೂ ಮುಟ್ಟುವ ಜಾಗ ತೀರ ಕಿರಿದು. ಮಧ್ಯೆ ಇರುವುದು ಎಣ್ಣೆಯ ತೆಳುಪದರ ಒಂದೇ. ಇಲ್ಲಿ ಸೀಟಿನ ಮೇಲೆ ಸುಮಾರು 110ರಿಂದ 130 ಪೌಂಡ್, ತೆರೆದಾಗ 300 ಪೌಂಡಿನ ಆಸುಪಾಸು ಎಂಬುದು ಒಪ್ಪಿತ ಮಿತಿ. ರೋಲರ್ ಟ್ಯಾಪೆಟ್ ಉರುಳುವುದರಿಂದ ಹೆಚ್ಚು ಬಲ ತಾಳುತ್ತದೆ. ಅದರ ತೂಕವೂ ಹೆಚ್ಚು, ಕ್ಯಾಮಿನ ಏರಿಳಿತವೂ ಕಡಿದಾಗಿರುವುದರಿಂದ ಬೇಡಿಕೆಯೂ ಹೆಚ್ಚು. ಹೈಡ್ರಾಲಿಕ್ ರೋಲರಿಗೆ ಸೀಟಿನಲ್ಲಿ 130ರಿಂದ 150 ಪೌಂಡ್ ಸಾಮಾನ್ಯ. ರೇಸಿನ ಸಾಲಿಡ್ ರೋಲರುಗಳಲ್ಲಿ ಸೀಟಿನ ಬಲವೇ 200 ಪೌಂಡ್ ದಾಟುತ್ತದೆ, ನೆತ್ತಿಯಲ್ಲಿ 500ನ್ನೂ ಮೀರುತ್ತದೆ.

ಚಪ್ಪಟೆ ಟ್ಯಾಪೆಟ್ಟಿನ ಹೊಸ ಕ್ಯಾಮನ್ನು ಮೊದಲ ಸಲ ಓಡಿಸುವ ಅರ್ಧ ಗಂಟೆ ಅದರ ಇಡೀ ಆಯುಸ್ಸನ್ನು ನಿರ್ಧರಿಸುತ್ತದೆ. ಜೋಡಿ ಸ್ಪ್ರಿಂಗ್ ಇದ್ದರೆ ಒಳಗಿನದನ್ನು ತೆಗೆದು, ಜಿಂಕ್ ಸೇರಿದ ಎಣ್ಣೆ ಹಾಕಿ, ಐಡಲಿನಲ್ಲಿ ಬಿಡದೆ 2000ದಿಂದ 2500 ಆರ್‌ಪಿಎಂನಲ್ಲಿ ಇಪ್ಪತ್ತು ಮೂವತ್ತು ನಿಮಿಷ ಓಡಿಸಬೇಕು. ಆಮೇಲೆ ಒಳಸ್ಪ್ರಿಂಗುಗಳನ್ನು ಮತ್ತೆ ಕೂರಿಸಬೇಕು. ಬೇಸರವೆಂದು ಇದನ್ನು ಬಿಟ್ಟವರ ಕ್ಯಾಮಿನ ಉಬ್ಬು ಒಂದೇ ದಿನದಲ್ಲಿ ಸವೆದು ದುಂಡಗಾದದ್ದುಂಟು. ಆ ಲೋಹದ ಪುಡಿ ಎಣ್ಣೆಯೊಂದಿಗೆ ಬೇರಿಂಗುಗಳಿಗೂ ಹೋಗುತ್ತದೆ.

ಬಲ ಅತಿಯಾದರೆ ಕೆಡುವುದು ಕ್ಯಾಮ್ ಮಾತ್ರವಲ್ಲ. ಹಳೆಯ ಸ್ಮಾಲ್ ಬ್ಲಾಕ್ ಹೆಡ್‌ಗಳಲ್ಲಿ ರಾಕರ್ ಸ್ಟಡ್‌ಗಳನ್ನು ಒತ್ತಿ ಕೂರಿಸಿರುತ್ತಾರೆ, ಗಟ್ಟಿ ಸ್ಪ್ರಿಂಗ್ ಅವನ್ನು ನಿಧಾನವಾಗಿ ಮೇಲಕ್ಕೆಳೆಯುತ್ತದೆ. ಹಾಗೆ ಒತ್ತಿ ಕೂರಿಸಿದ ಸ್ಟಡ್ ತೆಗೆದು ಸ್ಕ್ರೂ ಸ್ಟಡ್ ಹಾಕಿಸುವ ಖರ್ಚು ಸ್ಪ್ರಿಂಗಿನ ಖರ್ಚಿನೊಳಗೇ ಸೇರಬೇಕು. ತೆಳು ಪುಷ್‌ರಾಡ್ ಬಿಲ್ಲಿನಂತೆ ಬಾಗಿ ಬಿಟ್ಟುಕೊಂಡರೆ ವಾಲ್ವ್ ಕ್ಯಾಮ್ ಹೇಳಿದ ಹಾದಿಯನ್ನು ಬಿಡುತ್ತದೆ. ಫ್ಲೋಟ್ ತಪ್ಪಿಸಲು ಹಾಕಿದ ಸ್ಪ್ರಿಂಗೇ ಫ್ಲೋಟ್ ತಂದಂತಾಯಿತು.

ಬಲ ಸಾಲದಿದ್ದರೆ ಕಾಣುವ ಲಕ್ಷಣವನ್ನು ಜನ ಇಗ್ನಿಷನ್ನಿನ ದೋಷವೆಂದು ತಿಳಿದು ದಿನಗಟ್ಟಲೆ ಪ್ಲಗ್ಗು ಕಾಯಿಲುಗಳನ್ನು ಬದಲಿಸುತ್ತಾರೆ. ಒಂದು ವೇಗದವರೆಗೆ ಎಂಜಿನ್ ಚೆನ್ನಾಗಿ ಎಳೆಯುತ್ತದೆ, ಅಲ್ಲಿಂದ ಮುಂದೆ ತಡವರಿಸಿ ಶಕ್ತಿ ಕುಸಿಯುತ್ತದೆ. ಹೈಡ್ರಾಲಿಕ್ ಟ್ಯಾಪೆಟ್ಟಿನಲ್ಲಿ ಇನ್ನೊಂದು ತೊಡಕಿದೆ: ಟ್ಯಾಪೆಟ್ ಕ್ಯಾಮನ್ನು ಬಿಟ್ಟಾಗ ಉಂಟಾದ ಸಂದನ್ನು ಎಣ್ಣೆ ಬಂದು ತುಂಬುತ್ತದೆ, ಆಮೇಲೆ ವಾಲ್ವ್ ಸೀಟಿನ ಮೇಲೆ ಪೂರ್ತಿ ಕೂರದು. ಮುಚ್ಚುವಾಗ ಸೀಟಿಗೆ ಬಡಿದು ಪುಟಿಯುವ ವಾಲ್ವ್ ಇನ್ನೂ ಅಪಾಯಕಾರಿ. ಪಿಸ್ಟನ್ ಮೇಲೆ ಬರುವ ಹೊತ್ತಿಗೆ ಅದು ತೆರೆದಿದ್ದರೆ ಎರಡೂ ಡಿಕ್ಕಿ ಹೊಡೆಯುತ್ತವೆ.

ಟರ್ಬೊ ಹಾಕಿದ ಎಂಜಿನ್ನಿಗೆ ಒಂದು ಹೆಚ್ಚಿನ ಲೆಕ್ಕ ಬೇಕು. ಸ್ಮಾಲ್ ಬ್ಲಾಕಿನಲ್ಲಿ ಬಳಕೆಯಲ್ಲಿರುವ 2.02 ಇಂಚು ವ್ಯಾಸದ ಇನ್‌ಟೇಕ್ ವಾಲ್ವಿನ ವಿಸ್ತೀರ್ಣ 3.2 ಚದರ ಇಂಚು. 15 ಪಿಎಸ್‌ಐ ಬೂಸ್ಟ್ ಅದರ ಬೆನ್ನಿನ ಮೇಲೆ 48 ಪೌಂಡ್ ಬಲದಿಂದ ಒತ್ತಿ ವಾಲ್ವನ್ನು ತೆರೆಯಲು ನೋಡುತ್ತದೆ. ಸೀಟಿನಲ್ಲಿ 120 ಪೌಂಡ್ ಇದ್ದದ್ದು 72ಕ್ಕೆ ಇಳಿಯಿತು.

ಸ್ಪ್ರಿಂಗಿನೊಳಗಿನ ಅಲೆ

ನಿಂತಲ್ಲೇ ಅಳೆದ ಬಲ ಸರಿಯಿದ್ದರೂ ಓಡುವಾಗ ಸ್ಪ್ರಿಂಗ್ ಕೈಕೊಡಬಹುದು. ಸ್ಪ್ರಿಂಗಿನ ಒಂದು ತುದಿಗೆ ಪೆಟ್ಟು ಕೊಟ್ಟರೆ ಕುಗ್ಗುವಿಕೆ ಸುರುಳಿಯಿಂದ ಸುರುಳಿಗೆ ಅಲೆಯಾಗಿ ಸಾಗಿ ಇನ್ನೊಂದು ತುದಿಯಿಂದ ಹಿಂದಿರುಗುತ್ತದೆ. ಪ್ರತಿ ಸ್ಪ್ರಿಂಗಿಗೂ ಹೀಗೆ ತನ್ನದೇ ಆದ ಒಂದು ಕಂಪನ ಸಂಖ್ಯೆ ಇರುತ್ತದೆ. ಕ್ಯಾಮಿನ ಚಲನೆಯಲ್ಲಿ ಅದರ ತಿರುಗುವೇಗದ ಎರಡು, ಮೂರು, ಒಂಬತ್ತು, ಹತ್ತು ಪಟ್ಟಿನ ಕಂಪನಗಳೂ ಅಡಗಿರುತ್ತವೆ. ಇವುಗಳಲ್ಲೊಂದು ಸ್ಪ್ರಿಂಗಿನ ಕಂಪನಕ್ಕೆ ತಾಳೆಯಾದರೆ ಉಯ್ಯಾಲೆಯನ್ನು ಹೊತ್ತುಹೊತ್ತಿಗೆ ನೂಕಿದಂತಾಗಿ ಅಲೆ ಬೆಳೆಯುತ್ತದೆ. ಒಂದು ಕ್ಷಣ ಬಲ ಹೆಚ್ಚು, ಮರುಕ್ಷಣ ತೀರ ಕಡಿಮೆ. ಇದನ್ನು ಸರ್ಜ್ ಎನ್ನುತ್ತಾರೆ.

ಲೆಕ್ಕ ಹಾಕಿ ನೋಡಬಹುದು. ತಂತಿಯ ದಪ್ಪ 4.5 ಮಿ.ಮೀ., ಸುರುಳಿಯ ಸರಾಸರಿ ವ್ಯಾಸ 28 ಮಿ.ಮೀ., ಕೆಲಸ ಮಾಡುವ ಸುರುಳಿಗಳು ನಾಲ್ಕೂವರೆ ಇರುವ ಉಕ್ಕಿನ ಸ್ಪ್ರಿಂಗ್ ಸೆಕೆಂಡಿಗೆ ಸುಮಾರು 455 ಸಲ ಕಂಪಿಸುತ್ತದೆ. 6000 ಆರ್‌ಪಿಎಂನಲ್ಲಿ ಕ್ಯಾಮಿನದು 50. ಒಂಬತ್ತನೆಯ ಪಟ್ಟು 450. ಅಲ್ಲಿಗೆ ಆ ವೇಗದ ಆಸುಪಾಸಿನಲ್ಲೇ ತೊಂದರೆ ಕಾದಿದೆ. ಕಂಪನ ಸಂಖ್ಯೆ ಮೇಲಕ್ಕೇರಿದಷ್ಟೂ ತಾಳೆಯಾಗುವುದು ಕ್ಯಾಮಿನ ದುರ್ಬಲ ಕಂಪನಗಳೊಂದಿಗೆ ಮಾತ್ರ. ತಂತಿ ದಪ್ಪವಾದಂತೆ, ಸುರುಳಿ ಕಿರಿದಾದಂತೆ, ಸುರುಳಿಗಳ ಸಂಖ್ಯೆ ಇಳಿದಂತೆ ಅದು ಏರುತ್ತದೆ. ಆದರೆ ಇವು ಬಿಡಿಬಿಡಿಯಾಗಿ ತಿರುಗಿಸುವ ಗುಂಡಿಗಳಲ್ಲ. ರೇಟ್ ತಂತಿಯ ದಪ್ಪದ ನಾಲ್ಕನೆಯ ಘಾತಕ್ಕೆ ಅನುಗುಣ, ದಪ್ಪವನ್ನು ಶೇ. 10 ಹೆಚ್ಚಿಸಿದರೆ ಸ್ಪ್ರಿಂಗ್ ಶೇ. 46 ಗಡುಸಾಗುತ್ತದೆ, ಕಾಯಿಲ್ ಬೈಂಡ್ ಎತ್ತರವೂ ಏರುತ್ತದೆ.

ಸರ್ಜ್ ತಗ್ಗಿಸಲು ಹುಟ್ಟಿದ ಉಪಾಯಗಳಲ್ಲಿ ಹಳೆಯದು ಒಳಗೆ ಚಪ್ಪಟೆ ಪಟ್ಟಿಯ ಡ್ಯಾಂಪರ್ ಕೂರಿಸುವುದು. ಅದು ಸುರುಳಿಗಳಿಗೆ ಉಜ್ಜಿ ಅಲೆಯನ್ನು ಹೀರುತ್ತದೆ. ಒಂದರೊಳಗೊಂದು ಎರಡು ಸ್ಪ್ರಿಂಗ್ ಇಟ್ಟರೆ ಎರಡರ ಕಂಪನ ಬೇರೆ ಬೇರೆಯಾಗುತ್ತದೆ, ಬಲ ಕೂಡುತ್ತದೆ, ಒಂದು ಮುರಿದರೆ ಇನ್ನೊಂದು ವಾಲ್ವನ್ನು ಸಿಲಿಂಡರಿನೊಳಗೆ ಬೀಳದಂತೆ ಹಿಡಿಯುತ್ತದೆ. ಒಳಗಿನದನ್ನು ಹೊರಗಿನದಕ್ಕೆ ವಿರುದ್ಧ ದಿಕ್ಕಿನಲ್ಲಿ ಸುತ್ತಿರುತ್ತಾರೆ, ಸುರುಳಿಗಳು ಒಂದರೊಳಗೊಂದು ಸಿಕ್ಕಿಕೊಳ್ಳಬಾರದೆಂದು. ನನ್ನ ಮಟ್ಟಿಗೆ ರಸ್ತೆಯ ಎಂಜಿನ್ನಿಗೆ ಅತ್ಯಂತ ಜಾಣ ಉತ್ತರ ಬೀಹೈವ್ ಸ್ಪ್ರಿಂಗ್, ಜೇನುಗೂಡಿನಂತೆ ಮೇಲಕ್ಕೆ ಹೋದಂತೆ ಕಿರಿದಾಗುವಂಥದ್ದು. ಮೇಲಿನ ಸುರುಳಿಗಳು ಕೆಳಗಿನವುಗಳಂತೆ ಕಂಪಿಸುವುದಿಲ್ಲವಾದ್ದರಿಂದ ಅಲೆ ತಾನಾಗಿ ಮುರಿಯುತ್ತದೆ. ಮೇಲೆ ಕೂರುವ ರಿಟೇನರೂ ಚಿಕ್ಕದಾಗಿ ಚಲಿಸುವ ತೂಕ ಇಳಿಯುತ್ತದೆ. ಕಡಿಮೆ ಬಲದಲ್ಲಿ ಹೆಚ್ಚು ವೇಗ ಸಿಗುವುದು ಹೀಗೆ. ಷೆವ್ರೊಲೆಯ ನಂತರದ ಎಲ್‌ಎಸ್ ಎಂಜಿನ್ನುಗಳು ಇಂಥವನ್ನೇ ಬಳಸಿದವು.

ತಂತಿ

ಇಷ್ಟೆಲ್ಲ ಹೊರೆ ತಾಳುವ ತಂತಿ ಸಾಮಾನ್ಯ ಉಕ್ಕಲ್ಲ. ಕ್ರೋಮ್ ಸಿಲಿಕಾನ್ ಮತ್ತು ಕ್ರೋಮ್ ವೆನೇಡಿಯಂ ಮಿಶ್ರಲೋಹಗಳು ಇದಕ್ಕೆ ರೂಢಿಯಾಗಿವೆ. ಸ್ಪ್ರಿಂಗ್ ಮುರಿಯುವುದು ಹೆಚ್ಚಾಗಿ ಮೇಲ್ಮೈಯ ಗೀರಿನಿಂದ, ಇಲ್ಲವೇ ಉಕ್ಕಿನೊಳಗೆ ಸಿಕ್ಕಿಕೊಂಡ ಕಸದ ಕಣದಿಂದ. ಅದಕ್ಕಾಗಿ ಅತಿ ಶುದ್ಧ ಉಕ್ಕನ್ನು ಕರಗಿಸುತ್ತಾರೆ, ತಂತಿಯ ಮೇಲೆ ಸಣ್ಣ ಉಕ್ಕಿನ ಗುಂಡುಗಳನ್ನು ಬೀಸಿ ಹೊಡೆದು ಮೇಲ್ಪದರವನ್ನು ಬಿಗಿಗೊಳಿಸುತ್ತಾರೆ. ಸುರುಳಿಯ ಒಳಬದಿಯಲ್ಲಿ ಒತ್ತಡ ಹೊರಬದಿಗಿಂತ ಹೆಚ್ಚು. ಆ ಹೆಚ್ಚಳವನ್ನು ಲೆಕ್ಕಕ್ಕೆ ತರುವ ಗುಣಾಂಕಕ್ಕೆ ಎ. ಎಂ. ವಾಲ್ ಎಂಬ ಎಂಜಿನಿಯರರ ಹೆಸರಿದೆ. ಹೊಸ ಸ್ಪ್ರಿಂಗನ್ನು ಇಕ್ಕಳದಿಂದ ಹಿಡಿದು ಗೀರು ಬೀಳಿಸಿದವರು ಮುರಿತಕ್ಕೆ ತಾವೇ ಜಾಗ ಗುರುತು ಮಾಡಿಕೊಟ್ಟಂತೆ.

ಸ್ಪ್ರಿಂಗ್ ಬಿಟ್ಟು ಹೊರಟವರು

ಮೊದಮೊದಲ ಅನೇಕ ಎಂಜಿನ್ನುಗಳಲ್ಲಿ ಇನ್‌ಟೇಕ್ ವಾಲ್ವಿಗೆ ಕ್ಯಾಮೇ ಇರಲಿಲ್ಲ, ಪಿಸ್ಟನ್ನಿನ ಎಳೆತಕ್ಕೆ ಅದು ತಾನೇ ತೆರೆಯುತ್ತಿತ್ತು, ಹಗುರ ಸ್ಪ್ರಿಂಗ್ ಮುಚ್ಚುತ್ತಿತ್ತು. ವೇಗ ಬೆಳೆದಂತೆ ಸ್ಪ್ರಿಂಗ್ ಮುರಿತ ರೇಸಿನವರ ದೊಡ್ಡ ತಲೆನೋವಾಯಿತು. ಮುಚ್ಚಲೂ ಒಂದು ಕ್ಯಾಮ್ ಇಡುವ ಡೆಸ್ಮೊಡ್ರೊಮಿಕ್ ಪದ್ಧತಿಯನ್ನು 1914ರಲ್ಲೇ ಡೆಲಾಜ್ ರೇಸ್ ಕಾರು ಬಳಸಿತ್ತು. 1954 ಮತ್ತು 1955ರಲ್ಲಿ ಮರ್ಸಿಡೀಸ್ ಡಬ್ಲ್ಯು196 ಅದರೊಂದಿಗೇ ಓಡಿತು. ಫಾಬಿಯೊ ತಾಲ್ಯೋನಿ 1956ರಲ್ಲಿ ಡುಕಾಟಿಯ 125 ಸಿಸಿ ರೇಸ್ ಬೈಕಿಗೆ ತಂದ ಡೆಸ್ಮೊ ಆ ಕಂಪನಿಯ ಗುರುತೇ ಆಯಿತು. ಆದರೂ ಅದೇ ಡುಕಾಟಿ 2020ರಲ್ಲಿ ಮಲ್ಟಿಸ್ಟ್ರಾಡಾ ವಿ4 ಬೈಕಿನಲ್ಲಿ ಸ್ಪ್ರಿಂಗಿಗೆ ಮರಳಿ, ವಾಲ್ವ್ ತಪಾಸಣೆಯ ಅವಧಿಯನ್ನು 60,000 ಕಿ.ಮೀ.ಗೆ ಏರಿಸಿತು. ಫಾರ್ಮುಲಾ ಒನ್‌ನಲ್ಲಿ ರೆನೊ 1986ರಲ್ಲಿ ಉಕ್ಕಿನ ಬದಲು ಒತ್ತಡದ ಅನಿಲವನ್ನು ಸ್ಪ್ರಿಂಗಾಗಿ ಬಳಸಿತು. ಅನಿಲಕ್ಕೆ ಸುರುಳಿಗಳಿಲ್ಲ, ಆದ್ದರಿಂದ ಸರ್ಜ್ ಕಾಟವೂ ಇಲ್ಲ. ಉಕ್ಕೂ ಹಿಂದೆ ಬೀಳಲಿಲ್ಲ: 1999ರ ಹೋಂಡಾ ಎಸ್2000 ಉಕ್ಕಿನ ಸ್ಪ್ರಿಂಗುಗಳ ಮೇಲೆಯೇ 9000 ಆರ್‌ಪಿಎಂ ಮುಟ್ಟುತ್ತಿತ್ತು.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯೆಜ್ಡಿಗಳ ಮೇಲೆ ಕೈ ಪಳಗಿಸಿಕೊಂಡ ನಮ್ಮ ಒಂದು ತಲೆಮಾರಿನ ಮೆಕ್ಯಾನಿಕ್‌ಗಳಿಗೆ ಈ ವಿದ್ಯೆ ತಡವಾಗಿ ಒದಗಿತು. ಎರಡು ಸ್ಟ್ರೋಕಿನ ಆ ಎಂಜಿನ್ನುಗಳಲ್ಲಿ ಪಿಸ್ಟನ್ನೇ ಪೋರ್ಟುಗಳನ್ನು ತೆರೆದು ಮುಚ್ಚುತ್ತಿತ್ತು. ವಾಲ್ವೂ ಇರಲಿಲ್ಲ, ಸ್ಪ್ರಿಂಗೂ ಇರಲಿಲ್ಲ.

ಕೂರಿಸುವಾಗ

ಕ್ಯಾಟಲಾಗಿನ ಅಂಕಿ ಕ್ಯಾಟಲಾಗಿನದು. ನಿಮ್ಮ ಹೆಡ್ಡಿನದು ಬೇರೆ. ವಾಲ್ವ್ ಸೀಟನ್ನು ಕತ್ತರಿಸಿದಾಗಲೆಲ್ಲ ವಾಲ್ವ್ ಆಳಕ್ಕಿಳಿದು ಇನ್‌ಸ್ಟಾಲ್ಡ್ ಹೈಟ್ ಹೆಚ್ಚುತ್ತದೆ, ಸೀಟ್ ಪ್ರೆಷರ್ ಇಳಿಯುತ್ತದೆ. ಹದಿನಾರು ವಾಲ್ವುಗಳನ್ನೂ ಹೈಟ್ ಮೈಕ್ರೋಮೀಟರಿನಿಂದ ಒಂದೊಂದಾಗಿ ಅಳೆದು, ಎತ್ತರ ಹೆಚ್ಚಿರುವಲ್ಲಿ ಸ್ಪ್ರಿಂಗಿನ ಕೆಳಗೆ ಶಿಮ್ ಎಂಬ ತೆಳು ಬಿಲ್ಲೆ ಹಾಕಬೇಕು. ಮೇಲಿನ ಉದಾಹರಣೆಯ ಸ್ಪ್ರಿಂಗಿನ ಕೆಳಗೆ 0.030 ಇಂಚಿನ ಶಿಮ್ ಇಟ್ಟರೆ ಹತ್ತೂವರೆ ಪೌಂಡ್ ಹೆಚ್ಚುತ್ತದೆ, ಕಾಯಿಲ್ ಬೈಂಡ್ ಅಂತರ ಅಷ್ಟೇ ತಗ್ಗುತ್ತದೆ. ಪ್ರತಿ ಸ್ಪ್ರಿಂಗನ್ನೂ ಟೆಸ್ಟರಿನಲ್ಲಿಟ್ಟು ಮುಚ್ಚಿದ ಎತ್ತರದಲ್ಲಿ, ತೆರೆದ ಎತ್ತರದಲ್ಲಿ ಬಲ ನೋಡಿ ಪುಸ್ತಕದಲ್ಲಿ ಬರೆದಿಡಿ. ಮೊದಲ ಕೆಲವು ಸಲ ಬಿಸಿಯಾಗಿ ತಣಿದಾಗ ಎಲ್ಲ ಸ್ಪ್ರಿಂಗುಗಳೂ ಸ್ವಲ್ಪ ಸಡಿಲವಾಗುವುದು ಸಹಜ. ಆಮೇಲೂ ಕುಸಿಯುತ್ತಾ ಹೋಗಿ ಬರೆದಿಟ್ಟ ಬಲಕ್ಕಿಂತ ಶೇ. 10 ಕಡಿಮೆಯಾದ ಸ್ಪ್ರಿಂಗ್ ಒಂದೇ ಒಂದು ಸಿಕ್ಕರೂ ಇಡೀ ಸೆಟ್ಟನ್ನು ಬದಲಿಸಿ.